ಮಾವನ ಪ್ರಾರ್ಥನೆ, ಅಮ್ಮನ ನಿದ್ದೆ

ಮಾರ್ಚ್ ೯, ಸೋಮವಾರ.

ಸಿಟ್ಟು ಇನ್ನೂ ಇಳಿದಿಲ್ಲ. ಸೊಂಟ ಮುರಿದು ಮಲಗಿರುವ ಅಮ್ಮನಿಗೆ ಬೆಡ್‌ಪ್ಯಾನ್ ಇಡುವಾಗ ಎಂದಿನಂತೆ, "ರಾಜಮಾತೆಯವರ ಸಿಂಹಾಸನ ದಯಮಾಡಿಸುತ್ತಿದೆ, ಬಹುಪರಾಕ್!" ಎಂದು ಘೋಷಿಸಿದೆ. ನಾಚಿಕೆಯಿಂದ ಮುದುಡುವ ಅಮ್ಮ ಅದಕ್ಕೆ ನಗುತ್ತಾಳೆ. ಘೋಷಣೆ ಇರುವುದೇ ಅದಕ್ಕೆ. ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದ ಸೋದರಮಾವ, ನಾನು ಅದನ್ನು ತೆಗೆದುಕೊಂಡು ಹೊರಟಾಗ ಗದರಿದರು: "ಹೆತ್ತವಳ ಹತ್ರ ಇದೇನೋ ಕೋತಿಯಾಟ? ದೇವರ ಭಯ ಇಲ್ದೋನಿಗೆ ಕರುಣೆ ಎಲ್ಲಿಂದ ಬರಬೇಕು?"

ಕೈಯಲ್ಲಿ ತುಂಬಿದ ಬೆಡ್‌ಪ್ಯಾನ್ ಇತ್ತು. ಅದನ್ನು ಅವರ ತಲೆಯ ಮೇಲೆ ಸುರಿಯದೆ ಬಚ್ಚಲಿಗೆ ಒಯ್ದೆನಲ್ಲ, ಆ ನೀತಿಯನ್ನು ನನಗೆ ಯಾವ ದೇವರು ಕಲಿಸಿದ?

ತೊಳೆದು ಬರುವಷ್ಟರಲ್ಲಿ ಮಾವ ಅಮ್ಮನ ಕೈ ಹಿಡಿದು ಪ್ರಾರ್ಥಿಸುತ್ತಿದ್ದರು. ಅಮ್ಮನ ತುಟಿಯೂ ಆಡುತ್ತಿತ್ತು. ನೋವಿನಿಂದ ವಾರವಿಡೀ ಕಣ್ಣು ಮುಚ್ಚದವಳು ಹಾಗೇ ನಿದ್ದೆಹೋದಳು. ನನ್ನ ಯಾವ ತಮಾಷೆಗೂ ಬಾರದ ನಿದ್ದೆ! ಮೈಯೆಲ್ಲ ಉರಿಯುತ್ತಿರುವುದು ಅದಕ್ಕೇ.

ಊಟವಾದ ಮೇಲೆ ಹಲ್ಲು ಕಚ್ಚಿಕೊಂಡು ಫೋನ್ ಮಾಡಿದೆ. "ಮಾವ, ನಾಳೆನೂ ಬನ್ನಿ."

"ಓಹೋ! ಕೊನೆಗೂ ನಂಬಿಕೆ ಬಂತೇನೋ ನಿಂಗೆ?"

"ನಂಗೇನೂ ಬಂದಿಲ್ಲ ಮಾವ. ಅಮ್ಮಂಗೆ ನಿದ್ದೆ ಬಂತು."

ಗೆದ್ದವರಂತೆ ನಕ್ಕರು. ಅಮ್ಮ ಎದ್ದು ಓಡಾಡುವವರೆಗೂ ಆ ನಗುವನ್ನು ಸಹಿಸಬೇಕು. ಸಹಿಸುತ್ತೇನೆ. ಅವಳು ಎದ್ದ ದಿನ ಮಾತ್ರ ಈ ಮಾವನಿಗೆ ಆ ಸಿಂಹಾಸನವನ್ನು ಬಹುಪರಾಕ್ ಸಮೇತ ಉಡುಗೊರೆ ಕೊಡುತ್ತೇನೆ.