ಬೋಟಿಗೆ ಇಟ್ಟ ಕುಂಕುಮ

ರೀ,

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಮಗಳು ತನ್ವಿಗೂ ಬಡಿಸಿ.

ಇವತ್ತು ವಾಡಿ ಊರಿಗೆ ಹೋಗಿ ಆ ಹಳೆಯ ಮೋಟಾರ್ ಬೋಟಿಗೆ ಮುಂಗಡ ಕೊಡಬೇಡಿ. ನಿನ್ನೆ ಬೋಟ್ ನೋಡಲು ಹೋದಾಗ, ನಾನು ಪೂಜೆಯ ಕುಂಕುಮ ಇಡುವಾಗ, ಎಂಜಿನ್ ಕೂರಿಸಿದ ಹಿಂದಿನ ಹಲಗೆಯೊಳಕ್ಕೆ ಬೆರಳು ಮೆತ್ತಗೆ ಇಳಿಯಿತು. ಮೇಲೆ ಹೊಸ ಬಣ್ಣ, ಒಳಗೆ ಮರ ಕೊಳೆತಿದೆ. ಮಾರುವವರು, "ಭಾಭೀಜಿ, ಬೋಟ್ ಏಕದಂ ಬಢಿಯಾ ಹೈ," ಅಂದರು. ಬೋಟ್ ಬಲು ಚೆನ್ನಾಗಿದೆ ಅಂತ ನೀವೂ ತಲೆಯಾಡಿಸಿದಿರಿ. ನನಗೇನು ಗೊತ್ತು ಅಂದುಕೊಂಡು ಸುಮ್ಮನಾದೆ. ನಡುಕೆರೆಯಲ್ಲಿ ಹಲಗೆ ಕಿತ್ತು ಬಂದರೆ? ತನ್ವಿಗೆ ಈಜು ಬಾರದು.

ಪೂಜೆ ಮಾಡಿದ ಮೇಲೆ ಬೇಡ ಅನ್ನಬಾರದು ಅಂತೀರಿ. ಆ ಪಾಪ ನನಗಿರಲಿ.

ನನ್ನ ಅನುಮಾನ ತಪ್ಪೂ ಇರಬಹುದು. ಆದರೂ ನೀವು ಅದನ್ನೇ ತಂದರೆ ತನ್ವಿಯನ್ನು ಹತ್ತಲು ಬಿಡುವುದಿಲ್ಲ. ನೀವು ಹತ್ತಿದರೆ, ನಾಚಿಕೆ ಬಿಟ್ಟು ದಡದಲ್ಲಿ ನಿಂತು ಕಿರುಚುತ್ತೇನೆ.

ಜಲಜಾ