ಮೂರನೆಯ ಮುತ್ತು ಟೋಪಿಗೆ ಬಿತ್ತು

ತಂಗೀ, ಸಮುದ್ರದ ಗಾಳಿಗೆ ಕೆಮ್ಮು ಇಳಿದಿದೆ, ಆದರೆ ವಿಷಯ ಅದಲ್ಲ. ನಾನು ಸಿನಿಮಾದಲ್ಲಿದ್ದೇನೆ! ಇಲ್ಲಿನ ಸ್ಟೇಷನ್ನಿನಲ್ಲಿ ಮಾತು ಕಡಿಮೆ, ಎಡವಿ ಬೀಳುವುದೇ ಹೆಚ್ಚು ಅನ್ನುವಂಥ ನಗೆಚಿತ್ರ ತೆಗೆಯುತ್ತಿದ್ದಾರೆ. ಜನ ಸಾಲದೆ ನನ್ನನ್ನೂ ಎಳೆದುಕೊಂಡರು. ರೈಲಿಳಿದ ಹೆಂಗಸಿನ ಕೆನ್ನೆಗೆ ಮುತ್ತಿಟ್ಟು ಬರಮಾಡಿಕೊಳ್ಳಬೇಕು, ಅಷ್ಟೇ. ಭೇಟಿಯಾದವರಿಗೆ ನಮ್ಮೂರಲ್ಲಿ ನಾಲ್ಕು ಮುತ್ತು ತಾನೆ? ಆಕೆ ಪ್ಯಾರಿಸಿನವಳು, ಅಲ್ಲಿ ಎರಡೇ ಅಂತೆ, ಎರಡಾಗುತ್ತಲೇ ತಿರುಗಿಬಿಟ್ಟಳು. ಮೂರನೆಯದು ಅವಳ ಟೋಪಿಯ ಗರಿಗೆ ಬಿತ್ತು, ನಾನು ಅವಳ ಪೆಟ್ಟಿಗೆಯ ಮೇಲೆ ಬಿದ್ದೆ. ಗಾಬರಿಯಲ್ಲಿ ಕಾಲೇಜಿನ ಇಂಗ್ಲಿಷ್ ಹೊರಬಂತು: "ವೆರಿ ಸಾರಿ, ಮೇಡಮ್!"

"ಈ ಮುದುಕನನ್ನ ಯಾರಯ್ಯಾ ಕರ್ಕೊಂಡು ಬಂದಿದ್ದು?" ಎಂದು ನಿರ್ದೇಶಕ ಕೂಗಿದ. ಓಡಿಸಿಯೇ ಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಕ್ಯಾಮೆರಾದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಿರ್ದೇಶಕ ಅವನ ಮುಖ ನೋಡಿದ, ಬಂದು ನನ್ನನ್ನು ಎಬ್ಬಿಸಿದ. "ತಾತ, ಇನ್ನೊಂದ್ಸಲ ಮಾಡಿ. ನಟನೆ ಬೇಡ, ನಿಜವಾಗ್ಲೂ ನಾಲ್ಕು ಕೊಡೋಕೆ ಹೋಗಿ."

ಹನ್ನೊಂದು ಸಲ ಬಿದ್ದೆ. ನಿನ್ನ ಅತ್ತಿಗೆ ಹೋದ ಮೇಲೆ ಇಷ್ಟು ನಕ್ಕಿರಲಿಲ್ಲ, ಪಕ್ಕೆ ನೋಯುತ್ತಿದೆ.

ಶನಿವಾರದವರೆಗೂ ಇರಬೇಕಂತೆ, ಕೋಳಿಗಳನ್ನು ನೋಡಿಕೋ. ಇವತ್ತು ಹೊರಡುವಾಗ ನಿರ್ದೇಶಕ ಬೇಡಿಕೊಂಡ: "ತಾತ, ಅಷ್ಟರೊಳಗೆ ಪ್ಯಾರಿಸಿನ ಪದ್ಧತಿ ಕಲಿತುಬಿಟ್ಟೀರಿ, ಜೋಕೆ!"

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನಣ್ಣ ಅನ್ಸೆಲ್ಮ್