ನನ್ನನ್ನು ನೋಡಿ ಬೇಡ ಅನ್ನಬೇಡ

ಗಿಣಿ,

ಹಾಲು ಕಾಸಿಟ್ಟಿದ್ದೇನೆ. ಕುಡಿದು ಲೋಟ ತೊಳೆದಿಡು.

ಕಾಲೇಜಿಗೆ ಸೇರಲು ಇವತ್ತೇ ಕಡೇ ದಿನ. ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪ ನಿನ್ನನ್ನು ಕೇಳುತ್ತಾರೆ. "ಅಕ್ಕ ಅಷ್ಟೆಲ್ಲಾ ಓದಿ ನಮ್ಮ ಬೇಕರೀಲೇ ಬನ್ನು ಕಟ್ಟಿಕೊಡ್ತಿದಾಳೆ, ನಂಗ್ಯಾಕಮ್ಮ ದಂಡದ ಖರ್ಚು" ಎಂದು ನಿನ್ನೆ ನೀನು ಅಮ್ಮನಿಗೆ ಹೇಳಿದ್ದು ಕೇಳಿಸಿತು. ನೀನು ಏಳುವ ಹೊತ್ತಿಗೆ ನಾನು ಬೇಕರಿಯಲ್ಲಿರುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಜ, ನನ್ನ ಫೀಸಿಗಾಗಿ ಅಪ್ಪ ಹೊಸ ಓವನ್ ಕೊಳ್ಳಲಿಲ್ಲ. ನಾನು ಬಿ.ಎ. ಪಾಸಾದ ದಿನ ಹಳೆಯದನ್ನೇ ತಟ್ಟಿ, "ಈ ಮುದುಕನಿಗೆ ಇನ್ನೂರು ಡಿಗ್ರಿ, ನನ್ನ ಮಗಳಿಗೆ ಒಂದೇ. ಆದ್ರೂ ಇವಳ್ದೇ ಕಾವು ಜಾಸ್ತಿ" ಎಂದು ಗಿರಾಕಿಗಳಿಗೆಲ್ಲ ಹೇಳಿದರು. ನಾನು ಮೈದಾ ಮೂಟೆಗಳ ಹಿಂದೆ ಅಡಗಿದ್ದೆ.

ಕಾಲೇಜಿನಲ್ಲಿ ಕಿಟಕಿ ಪಕ್ಕದ ನನ್ನ ಕೊನೇ ಬೆಂಚು ಈಗಲೂ ಕನಸಿಗೆ ಬರುತ್ತದೆ. ಅಲ್ಲಿ ಒಂದು ದಿನ ಇತಿಹಾಸದ ಮೇಡಂ, "ನಿನಗೇನು ಅನ್ಸತ್ತಮ್ಮಾ?" ಎಂದರು. ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎದ್ದು ನಿಂತು ನನಗನ್ನಿಸಿದ್ದನ್ನು ಪೂರ್ತಿ ಹೇಳಿದೆ.

ನಿನಗೆ ಬೇಕರಿಯೇ ಇಷ್ಟವಾದರೆ ಅಪ್ಪನಿಗೆ ಹಾಗೇ ಹೇಳು. ನನ್ನನ್ನು ನೋಡಿ ಮಾತ್ರ ಬೇಡ ಅನ್ನಬೇಡ. ಇವತ್ತು ಯಾರಾದರೂ ಮತ್ತೆ ಸೇರಿಸಿಕೊಳ್ಳುತ್ತೇವೆ ಅಂದರೆ, ನಾನು ಕೈಯ ಹಿಟ್ಟೂ ಕೊಡವದೆ ಓಡಿಹೋಗುತ್ತೇನೆ ಕಣೇ.

ಅಕ್ಕ